ಮೂರು ಹೈಸ್ಕೂಲು ನೋಡಿ ಬಂದದ್ದು

ಎಳನೀರು ಕೊಟ್ಟದ್ದು ಯಾವ ಶಾಲೆಯಲ್ಲಿ ಎಂದು ನನಗೆ ಈಗ ಖಚಿತವಿಲ್ಲ. ಪುತ್ತೂರು ಕಡೆಯ ಶಾಲೆಯಲ್ಲಿ ಎಂದು ಇಷ್ಟು ದಿನ ಹೇಳಿಕೊಂಡು ಬಂದೆ. ಆದರೆ ಬರೆಯಲು ಕೂತು ಕಣ್ಣು ಮುಚ್ಚಿದರೆ ಎಳನೀರಿನ ಹಿಂದೆ ಹಳದಿ ಗೋಡೆ ಕಾಣುತ್ತದೆ, ಗೋಡೆಯ ಮೇಲೆ ಕರ್ನಾಟಕದ ನಕ್ಷೆ ಕಾಣುತ್ತದೆ. ಹಳದಿ ಗೋಡೆಯೂ ನಕ್ಷೆಯೂ ಇದ್ದದ್ದು ಸುಳ್ಯ ಕಡೆಯ ಶಾಲೆಯಲ್ಲಿ. ಅಲ್ಲಿ ನನಗೆ ಎಳನೀರು ಕೊಡುವ ಸಂದರ್ಭವೇ ಬರಲಿಲ್ಲ. ಅಲ್ಲಿ ನನ್ನನ್ನು ಕೆಲಸಕ್ಕೆ ಹಚ್ಚಿದ್ದರು. ಹಾಗಾದರೆ ಎಳನೀರು ಕುಡಿದದ್ದಾದರೂ ಹೌದೋ ಎಂಬ ಸಂಶಯವೂ ಇದೆ.

ಸಂಶಯಪಡುವುದನ್ನು ನಾನು ಫೀಸು ಕಟ್ಟಿ ಕಲಿತವನು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುವಾಗ ಸಂಶೋಧನಾ ವಿಧಾನ ಎಂಬ ಒಂದು ಪೇಪರು ಇತ್ತು. ಜನ ಹೇಳಿದ್ದನ್ನು ನಂಬಬೇಡಿ, ದಾಖಲೆ ನೋಡಿ. ದಾಖಲೆಯನ್ನೂ ನಂಬಬೇಡಿ, ಬರೆದವರು ಯಾರೆಂದು ನೋಡಿ ಎಂಬುದು ಅದರ ಸಾರ. ಆ ಪೇಪರಿನಲ್ಲಿ ನನಗೆ ಒಳ್ಳೆಯ ಮಾರ್ಕು ಬಂತು. ಕಾಯಂ ಕೆಲಸ ಬರಲಿಲ್ಲ. ಈಗ ಪುತ್ತೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಅಂದರೆ ಪ್ರತಿ ವರ್ಷ ಹೊಸದಾಗಿ ಕರೆಸಿಕೊಳ್ಳುವ ಅತಿಥಿ.

ಎಲ್ಲವನ್ನೂ ಸಂಶಯಿಸುತ್ತಿದ್ದ ನಾನು ನನ್ನ ನೆನಪನ್ನು ಮಾತ್ರ ನಂಬಿದ್ದೆ. ಅದಕ್ಕೂ ಏಟು ಬಿತ್ತು. ಹೈಸ್ಕೂಲಿಗೆ ದಿನಾ ಐದು ಕಿಲೋಮೀಟರು ನಡೆದು ಹೋಗುತ್ತಿದ್ದೆ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದಿತ್ತು. ಒಮ್ಮೆ ಅಕ್ಕನ ಎದುರು ಇದನ್ನೇ ಹೇಳಿದೆ. ಅಕ್ಕ ದೋಸೆ ಮಗುಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಎಂತ ನಡೆದದ್ದು ಮಾರಾಯ ನೀನು? ನಿನ್ನನ್ನು ಅಪ್ಪ ದಿನಾ ಜೀಪಿಗೆ ಹತ್ತಿಸ್ತಿದ್ರು. ನಡೆದದ್ದು ನಾನು. ನಿನ್ನ ಬುತ್ತಿ ಮನೆಯಲ್ಲಿ ಬಿಟ್ಟು ಹೋದ ದಿನ ಅದನ್ನೂ ಹೊತ್ತುಕೊಂಡು ನಡೆದದ್ದು."

ಯೋಚಿಸಿದೆ. ಜೀಪಿನ ಹಿಂದಿನ ಸೀಟಿನ ರೆಕ್ಸಿನ್ ವಾಸನೆ ಮೂಗಿಗೆ ಬಂತು. ಅಂದರೆ ಇಷ್ಟು ವರ್ಷ ನಾನು ಅಕ್ಕನ ಕಾಲಿನಲ್ಲಿ ನಡೆದಿದ್ದೆ. ಹಾಗಾಗಿ ಮುಂದಿನದನ್ನು ಓದುವವರು ಸ್ವಲ್ಪ ಜಾಗ್ರತೆಯಿಂದ ಓದಬೇಕು.

ಇಷ್ಟು ಖಚಿತ: ಅಕ್ಕನ ಮನೆ ಆಲಂಕಾರಿನ ಹತ್ತಿರ. ಅವಳ ಮಗಳು ಊರಿನ ಸರಕಾರಿ ಶಾಲೆಯಲ್ಲಿ ಏಳನೇ ತರಗತಿಯಲ್ಲಿದ್ದಳು. ಆ ಶಾಲೆ ಏಳಕ್ಕೆ ಮುಗಿಯುತ್ತದೆ. ಎಂಟಕ್ಕೆ ಎಲ್ಲಿಗೆ ಎಂಬ ಪ್ರಶ್ನೆ ಜನವರಿಯಿಂದಲೇ ಮನೆಯೊಳಗೆ ಓಡಾಡುತ್ತಿತ್ತು. ಖಾಸಗಿ ಶಾಲೆ ಬೇಡವೆಂದು ಭಾವ ಮೊದಲೇ ಹೇಳಿಯಾಗಿತ್ತು. ತತ್ವ ಗಿತ್ವ ಏನಿಲ್ಲ. ಆ ಶಾಲೆಯ ವ್ಯಾನು ಬೆಳಿಗ್ಗೆ ಆರೂವರೆಗೆ ಬರುತ್ತದೆ, ಭಾವ ಏಳುವುದು ಏಳಕ್ಕೆ.

ಉಳಿದದ್ದು ಮೂರು ಸರಕಾರಿ ಹೈಸ್ಕೂಲುಗಳು. ಒಂದು ಕಡಬ ಕಡೆಯದು, ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು. ಒಂದು ಪುತ್ತೂರು ಕಡೆಯದು, ಅಲ್ಲಿಗಾದರೆ ನಮ್ಮ ಮನೆಯಲ್ಲಿ ಇದ್ದುಕೊಂಡು ಹೋಗುವುದು. ಮತ್ತೊಂದು ಸುಳ್ಯ ಕಡೆಯದು. ಭಾವನ ತಂಗಿಯ ಮನೆ ಕಲ್ಲುಗುಂಡಿಯಲ್ಲಿದೆ, ಅಲ್ಲಿಂದ ಹೋಗುವುದು. ಮೂರರ ಹೆಸರನ್ನೂ ನಾನು ಬರೆಯುವುದಿಲ್ಲ. ಮೂರೂ ಕಡೆಯವರು ನನ್ನೊಡನೆ ಚೆನ್ನಾಗಿಯೇ ನಡೆದುಕೊಂಡರು, ನನ್ನನ್ನು ನಾನೆಂದು ತಿಳಿಯದಿದ್ದರೂ.

"ನೀನು ಓದಿದವ ಅಲ್ವಾ, ನೀನೇ ನೋಡಿ ಹೇಳು," ಎಂದಳು ಅಕ್ಕ. ಅವಳ ಮಾತಿನಲ್ಲಿ ಗೌರವ ಎಷ್ಟಿತ್ತು, ಕೊಂಕು ಎಷ್ಟಿತ್ತು ಎಂದು ಅಳೆಯುವ ಸಾಧನ ನನ್ನಲ್ಲಿಲ್ಲ.

ನಾನು ಒಂದು ಪಟ್ಟಿ ಮಾಡಿದೆ. ಹತ್ತನೆಯ ತರಗತಿಯ ಫಲಿತಾಂಶ, ಶಿಕ್ಷಕರ ಸಂಖ್ಯೆ, ಶೌಚಾಲಯ, ಕುಡಿಯುವ ನೀರು, ಪ್ರಯೋಗಾಲಯ, ಮೈದಾನ, ಬಸ್ಸು ಹೀಗೆ ಇಪ್ಪತ್ತೆರಡು ಕಲಂ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನಮ್ಮಲ್ಲಿ ಅಕ್ಕನ ಗಂಡ ನನ್ನನ್ನೂ ಭಾವ ಎಂದೇ ಕರೆಯುವುದು.

"ಭಾವ, ಇದರಲ್ಲಿ ಹುಡುಗಿಗೆ ಎಂತ ಬೇಕು ಅಂತ ಎಲ್ಲಿ ಉಂಟು?"

ಹುಡುಗಿ ಅಲ್ಲೇ ಇದ್ದಳು. ಅವಳ ಪಕ್ಕದಲ್ಲಿ ಅವಳ ಗೆಳತಿಯೂ ಇದ್ದಳು, ಯಾವಾಗಲೂ ಇರುವಂತೆ. ಗೆಳತಿಯ ಮನೆ ರಸ್ತೆಯ ಆಚೆ ಬದಿ. ಅಪ್ಪ ಗಲ್ಫಿನಲ್ಲಿ, ಅಜ್ಜನದ್ದು ದಿನಸಿ ಅಂಗಡಿ. ಒಂದನೆಯಿಂದ ಏಳನೆಯವರೆಗೆ ಇಬ್ಬರದ್ದೂ ಒಂದೇ ಬೆಂಚು. ನನ್ನ ಸೊಸೆ, ಅಂದರೆ ಈ ಅಕ್ಕನ ಮಗಳು, ತೆಂಗಿನ ಸಸಿಯ ಹಾಗೆ ಉದ್ದಕ್ಕೆ ಬೆಳೆದವಳು, ಗೆಳತಿ ಅವಳ ಭುಜಕ್ಕೆ ಬರುತ್ತಾಳೆ. ಸೊಸೆಗೆ ಬಾಯಿ ಉಂಟು, ಗಣಿತ ಇಲ್ಲ. ಗೆಳತಿಗೆ ಗಣಿತ ಉಂಟು, ಬಾಯಿ ಇಲ್ಲ. ಏನಾದರೂ ಹೇಳಬೇಕೆಂದರೆ ಅವಳು ಇವಳ ಕಿವಿಯಲ್ಲಿ ಹೇಳುತ್ತಾಳೆ, ಇವಳು ಊರಿಗೆ ಕೇಳುವ ಹಾಗೆ ಹೇಳುತ್ತಾಳೆ.

"ಮಾವ, ಬೆಂಚಿನ ವಿಷಯ ಕೇಳಿ," ಎಂದಳು ಸೊಸೆ. "ಅಲ್ಲಿ ಯಾರ ಹತ್ರ ಯಾರು ಕೂರುದು ಅಂತ ಯಾರು ಹೇಳುದು? ಎತ್ತರ ನೋಡಿ ಕೂರಿಸ್ತಾರಾ?"

"ಅದೆಲ್ಲ ಒಂದು ವಿಷಯವಾ?"

"ಅದೇ ವಿಷಯ!"

ಅಕ್ಕ ಒಳಗಿನಿಂದ ವಿವರಣೆ ಕೊಟ್ಟಳು. ಆರನೆಯಲ್ಲಿ ಒಬ್ಬರು ಹೊಸ ಟೀಚರು ಬಂದು ಎತ್ತರದ ಪ್ರಕಾರ ಕೂರಿಸಿದ್ದರಂತೆ. ಇವಳು ಹಿಂದಿನ ಬೆಂಚಿಗೆ, ಅವಳು ಮುಂದಿನ ಬೆಂಚಿಗೆ. ಎರಡೇ ತಿಂಗಳು. ಅಷ್ಟರಲ್ಲಿ ಇವಳು ಗಣಿತದಲ್ಲಿ ಫೇಲಾದಳು, ಅವಳು ಹಾಜರಿ ಕರೆಯುವಾಗ ಕೂಡ ಬಾಯಿ ಬಿಡದೆ ಒಂದು ವಾರ ಗೈರುಹಾಜರಿ ಹಾಕಿಸಿಕೊಂಡಳು, ಮುಂದಿನ ಬೆಂಚಿನಲ್ಲೇ ಕೂತುಕೊಂಡು. ಗೆಳತಿಯ ತಾಯಿ, ಅವಳ ಉಮ್ಮ, ಅಕ್ಕನ ಹತ್ತಿರ ಬಂದು ಹೇಳಿಯಾಗಿತ್ತು: "ನಿಮ್ಮವಳು ಎಲ್ಲಿಗೆ ಹೋಗ್ತಾಳೋ ಅಲ್ಲಿಗೆ ನಮ್ಮವಳೂ. ಪುತ್ತೂರಿನಲ್ಲಿ ನನ್ನ ತಾಯಿ ಮನೆ ಉಂಟು, ಕಲ್ಲುಗುಂಡಿಯಲ್ಲಿ ತಂಗಿ ಇದ್ದಾಳೆ. ಎಲ್ಲಿಯಾದ್ರೂ ಅಡ್ಡಿ ಇಲ್ಲ. ಒಟ್ಟಿಗೆ ಕೂತ್ರೆ ಸಾಕು."

ಕೇಳುತ್ತೇನೆ ಎಂದೆ. ಆದರೆ ಪಟ್ಟಿಯಲ್ಲಿ ಅದಕ್ಕೆ ಕಲಂ ಮಾಡಲಿಲ್ಲ. ಇಪ್ಪತ್ತೆರಡು ಆಗಲೇ ಆಗಿತ್ತು, ಕಾಗದದಲ್ಲಿ ಜಾಗ ಇರಲಿಲ್ಲ.

ಮೊದಲು ಪುತ್ತೂರು ಕಡೆಯ ಶಾಲೆ. ಹೋಗುವ ಮೊದಲು ಫೋನು ಮಾಡಿದೆ.

"ಸರ್, ಒಮ್ಮೆ ಶಾಲೆ ನೋಡ್ಬೇಕಿತ್ತು."

ಆ ಕಡೆಯಿಂದ ಕುರ್ಚಿ ಎಳೆದ ಸದ್ದು ಬಂತು. "ಯಾವಾಗ ಬರ್ತೀರಿ ಸರ್?"

"ನಾಳೆ ಬರುವ ಅಂತ."

"ನಾಳೆಯಾ! ನಾಡಿದ್ದು ಆದ್ರೆ ಆಗ್ಲಿಕ್ಕಿಲ್ವಾ ಸರ್?"

ನಾಡಿದ್ದು ಹೋದೆ. ನನ್ನ ಮೈಮೇಲೆ ಇದ್ದದ್ದು ಕಾಲೇಜಿನ ಸಂದರ್ಶನಕ್ಕೆ ಹಾಕುವ ತುಂಬುತೋಳಿನ ಅಂಗಿ, ಕೈಯಲ್ಲಿ ಫೈಲು. ನಮ್ಮ ಕಡೆ ಸರಕಾರಿ ಹೈಸ್ಕೂಲನ್ನು ಸೇರುವ ಮೊದಲು ಯಾರೂ ನೋಡಲು ಹೋಗುವುದಿಲ್ಲ ಎಂಬ ಸಾದಾ ವಿಷಯ ನನಗೆ ಹೊಳೆದಿರಲಿಲ್ಲ. ಜೂನಿನಲ್ಲಿ ಟಿಸಿ ಹಿಡಿದುಕೊಂಡು ಹೋಗುವುದು, ಸೇರುವುದು. ಅದರ ಮೊದಲು ಶಾಲೆ ನೋಡಲು ಬರುವವರು ಎರಡೇ ಜಾತಿ: ಇಲಾಖೆಯವರು, ದಾನಿಗಳು.

ಗೇಟಿನಿಂದ ಆಫೀಸಿನವರೆಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಮಕ್ಕಳ ಚಪ್ಪಲಿಗಳು ಸಾಲಾಗಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಹೆಡ್‌ಮಾಸ್ಟ್ರು ಕೈ ಜೋಡಿಸಿಕೊಂಡೇ ಬಂದರು. ಕಂಪ್ಯೂಟರ್ ಕೋಣೆಯ ಬೀಗ ತೆಗೆದು ತೋರಿಸಿದರು. ಕಂಪ್ಯೂಟರುಗಳ ಮೇಲೆ ಇಸ್ತ್ರಿ ಮಾಡಿದ ಬಟ್ಟೆ. ಶೌಚಾಲಯದಿಂದ ಬಂದ ಫಿನಾಯಿಲ್ ವಾಸನೆಗೆ ಕಣ್ಣಲ್ಲಿ ನೀರು ಬಂತು. ಹತ್ತು ಅಂಕ ಹಾಕಿದೆ. ಒಬ್ಬ ಹುಡುಗಿ ಎದ್ದು ನಿಂತು ಜೀವಕೋಶದ ಭಾಗಗಳನ್ನು ಉಸಿರು ತೆಗೆದುಕೊಳ್ಳದೆ ಹೇಳಿದಳು. ಹತ್ತು ಅಂಕ.

ಬಿಸಿಯೂಟದ ಕೋಣೆಯಲ್ಲಿ ಸಾಂಬಾರು ಒಂದು ಲೋಟದಲ್ಲಿ ಕೊಟ್ಟು, ರುಚಿ ನೋಡಿದವರು ಸಹಿ ಹಾಕುವ ಪುಸ್ತಕ ಮುಂದೆ ಇಟ್ಟರು. ನಾನು 'ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿದೆ. ಸಾಂಬಾರು ನಿಜವಾಗಿಯೂ ಚೆನ್ನಾಗಿತ್ತು. ಎಳನೀರು ಕೊಟ್ಟದ್ದಾದರೆ ಇದಾದ ಮೇಲೆ.

ಸಹಿ ಹಾಕುವಾಗ ಮಾತ್ರ ನನಗೆ ಏನೋ ಸರಿಯಿಲ್ಲ ಎನಿಸಿತು. "ಸರ್, ನಾನು ಬಂದದ್ದು ನನ್ನ ಅಕ್ಕನ ಮಗಳನ್ನು ಎಂಟನೇಗೆ ಸೇರಿಸ್ಲಿಕ್ಕೆ," ಎಂದೆ.

ಹೆಡ್‌ಮಾಸ್ಟ್ರು ಪಕ್ಕದಲ್ಲಿದ್ದ ಟೀಚರನ್ನು ನೋಡಿದರು. ಇಬ್ಬರೂ ಮುಗುಳ್ನಕ್ಕರು. "ಆಯ್ತು ಸರ್," ಎಂದರು ಅವರು, "ಹಾಗೇ ಅಂತ ಇಟ್ಕೊಳ್ಳುವ."

ಬೆಂಚಿನ ವಿಷಯ ಕೇಳಲು ಮರೆತೆ. ಬಾಯಲ್ಲಿ ಸಾಂಬಾರಿನ ರುಚಿ ಇತ್ತು.

ಈ ಅನುಭವದಿಂದ ಪಾಠ ಕಲಿತೆನೆಂದು ತಿಳಿದು, ಕಡಬ ಕಡೆಯ ಶಾಲೆಗೆ ಫೋನು ಮಾಡುವಾಗ ಎಚ್ಚರ ವಹಿಸಿದೆ. "ನಾನು ಇಲಾಖೆಯವನಲ್ಲ ಸರ್. ನಮ್ಮ ಮನೆಯವರಿಗೆ ನಿಮ್ಮ ಶಾಲೆಯ ಬಗ್ಗೆ ಆಸಕ್ತಿ ಉಂಟು. ಒಮ್ಮೆ ನೋಡಿ, ಮತ್ತೆ ತೀರ್ಮಾನ ಮಾಡುವ ಅಂತ." ಈಗ ಓದಿ ನೋಡಿದರೆ, ದಾನಿಗಳು ಇದಕ್ಕಿಂತ ಬೇರೆ ಮಾತು ಆಡಲಿಕ್ಕಿಲ್ಲ.

ಅಲ್ಲಿಯ ಹೆಡ್‌ಮಾಸ್ಟ್ರು ಬಸ್‌ಸ್ಟಾಪಿಗೇ ಬಂದಿದ್ದರು. ಆಫೀಸಿಗೆ ಕರೆದುಕೊಂಡು ಹೋಗದೆ ನೇರವಾಗಿ ಕಟ್ಟಡದ ಹಿಂಬದಿಗೆ ಕರೆದುಕೊಂಡು ಹೋದರು. "ಇದು ನೋಡಿ ಸರ್," ಎಂದು ಹೆಂಚು ಹೋದ ಮೂಲೆ ತೋರಿಸಿದರು. ಆಮೇಲೆ ಬಿರುಕು ಬಿಟ್ಟ ಗೋಡೆ. ಒಬ್ಬ ಹುಡುಗನನ್ನು ಕರೆದು ಬಿರುಕಿನೊಳಗೆ ಸ್ಕೇಲು ಹಾಕಿಸಿದರು. ಸ್ಕೇಲು ಪೂರ್ತಿ ಒಳಗೆ ಹೋಯಿತು. ಅವರ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಂಡಿತು.

ಆ ಶಾಲೆಯಲ್ಲಿ ಯಾವ ವಸ್ತುವೂ ಅನಾಥವಾಗಿರಲಿಲ್ಲ. ಬೆಂಚಿನ ಕಾಲಿನಲ್ಲಿ, ಗಡಿಯಾರದ ಮುಖದಲ್ಲಿ, ನೀರಿನ ಟ್ಯಾಂಕಿಯ ಹೊಟ್ಟೆಯಲ್ಲಿ, ಎಲ್ಲ ಕಡೆ 'ಕೊಡುಗೆ' ಎಂದು ಬರೆದು ಅದರ ಕೆಳಗೆ ಹೆಸರು. ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದು ಕುಟುಂಬದ ಮೂವರ ಹೆಸರು. ಫ್ಯಾನು ತಿರುಗುವಾಗ ಒಂದಾಗಿರುತ್ತಾರೆ, ಕರೆಂಟು ಹೋದಾಗ ಬೇರೆ ಬೇರೆ ಕಾಣುತ್ತಾರೆ.

"ಈ ನಲ್ಲಿಗಳೆಲ್ಲ ದುಬೈಯವರದ್ದು. ಶೌಚಾಲಯದ ಈ ಬಾಗಿಲು ಒಬ್ಬರು ಅವರ ತಂದೆಯ ನೆನಪಿಗೆ ಕೊಟ್ಟದ್ದು."

"ಚಿಲಕ ಇಲ್ವಲ್ಲ ಸರ್?"

"ಬಾಗಿಲು ದಾನಿಗಳದ್ದು, ಚಿಲಕ ಸರಕಾರದ್ದು. ಬಾಗಿಲು ಬಂತು."

ನಾನು ಶೌಚಾಲಯದ ಕಲಂನಲ್ಲಿ ಎರಡು ಎಂದು ಬರೆದೆ. ನಾನು ಬರೆಯುವುದನ್ನು ನೋಡಿ ಅವರಿಗೆ ಹುರುಪು ಬಂತು. ಕಾಲು ಮುರಿದ ಮೇಜು, ಮುಚ್ಚಳ ಇಲ್ಲದ ಬಾವಿ, ಮಾತಾಡಿದರೆ ಕಿರಿಚುವ ಮೈಕು, ಒಂದೊಂದನ್ನೇ ತೋರಿಸುತ್ತಾ ಹೋದರು. ನಾನು ಮೂರು, ಎರಡು, ಒಂದು ಎಂದು ಬರೆಯುತ್ತಾ ಹೋದೆ. ಎಲ್ಲಿಯೂ ಮಕ್ಕಳನ್ನು ತೋರಿಸಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಸರ್, ಮಕ್ಕಳು ಹೇಗೆ?"

"ಮಕ್ಕಳಾ?" ಅವರಿಗೆ ಆಶ್ಚರ್ಯವಾಯಿತು. "ಮಕ್ಕಳು ಒಳ್ಳೆಯವರು ಸರ್. ಅವರಿಗೆ ಎಂತ ರಿಪೇರಿ ಬೇಡ."

ಇದೇ ಹೊತ್ತಿಗೆ, ಎಂಟನೆಯ ತರಗತಿಯ ಬಾಗಿಲಲ್ಲಿ ನಿಂತು, ಬೆಂಚಿನ ಪ್ರಶ್ನೆ ಕೇಳಿದೆ ಎಂದು ನನ್ನ ನೆನಪು. ಎತ್ತರ ನೋಡಿ ಕೂರಿಸುತ್ತೀರಾ ಎಂದು. ಅವರು "ಹಾಗೆಲ್ಲ ಇಲ್ಲ ಸರ್, ಜಾಗ ಸಿಕ್ಕಿದಲ್ಲಿ ಕೂತ್ಕೊಳ್ತಾರೆ, ಬೆಂಚು ಕಡಿಮೆ ಉಂಟಲ್ಲ" ಎಂದರು ಎಂದೂ ನನ್ನ ನೆನಪು. ಬರೆದುಕೊಳ್ಳಲಿಲ್ಲ, ಅದಕ್ಕೆ ಕಲಂ ಇರಲಿಲ್ಲ.

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡರು. "ಎಷ್ಟಾದ್ರೂ ಅಡ್ಡಿ ಇಲ್ಲ ಸರ್. ನಿಮ್ಮ ಮನಸ್ಸಿಗೆ ಬಂದದ್ದು." ಆಗ ವಿಷಯ ಹೊಳೆಯಿತು. ಬಸ್ಸು ಬರುವುದು ಕಾಣುತ್ತಿತ್ತು. ಸತ್ಯ ಹೇಳಲು ಬೇಕಾದಷ್ಟು ಹೊತ್ತು ಇರಲಿಲ್ಲ. "ಒಂದು ಫ್ಯಾನು," ಎಂದೆ.

ಸುಳ್ಯ ಕಡೆಯ ಶಾಲೆಗೆ ಫೋನು ಮಾಡಲೇ ಇಲ್ಲ. ಫೈಲು ಒಯ್ಯಲಿಲ್ಲ, ಸಾದಾ ಅಂಗಿ, ಹೆಗಲಿಗೆ ಚೀಲ. ಹೇಳದೆ ಹೋದರೆ ಇದ್ದದ್ದು ಇದ್ದ ಹಾಗೆ ಕಾಣುತ್ತದೆ ಎಂದು ಸಂಶೋಧನಾ ವಿಧಾನದ ಪಾಠದಲ್ಲಿಯೇ ಇತ್ತು. ಹತ್ತು ಗಂಟೆಗೆ ಆಫೀಸಿನ ಬಾಗಿಲಲ್ಲಿ ನಿಂತು, "ನಾನು ಪುತ್ತೂರಿನಿಂದ ಬಂದದ್ದು," ಎಂದೆ.

ಹೆಡ್‌ಮಿಸ್ಟ್ರೆಸ್ ಕುರ್ಚಿಯಿಂದ ಎದ್ದೇ ಬಿಟ್ಟರು. "ಅಂತೂ ಬಂದ್ರಾ! ನಾವು ಸೋಮವಾರದಿಂದ ಕಾಯ್ತಾ ಇದ್ದೇವೆ ಮಾರಾಯ್ರೆ. ಅಲ್ಲಿಯೂ ಅತಿಥಿಯೇ ಅಲ್ವಾ ನೀವು?"

"ಹೌದು ಮೇಡಂ, ಅತಿಥಿಯೇ," ಎಂದೆ. ಇವರಿಗೆ ಹೇಗೆ ಗೊತ್ತಾಯಿತು ಎಂದು ಬೆರಗಾಯಿತು.

"ಎಂಟನೇ ಎ. ಮೇಲಿನ ಕೋಣೆ. ಸೀದಾ ಹೋಗಿ," ಎಂದು ಕೈಗೆ ಎರಡು ತುಂಡು ಸೀಮೆಸುಣ್ಣ ಕೊಟ್ಟರು.

ಪೋಷಕರನ್ನು ನೇರವಾಗಿ ತರಗತಿಗೇ ಬಿಡುತ್ತಾರಲ್ಲ, ಎಂಥ ಮುಕ್ತ ಶಾಲೆ ಎಂದುಕೊಂಡು ಮೆಟ್ಟಿಲು ಹತ್ತಿದೆ. ಸೀಮೆಸುಣ್ಣ ಯಾಕೆಂದು ಅರ್ಥವಾಗಲಿಲ್ಲ. ಒಳಗೆ ಹೋದ ಕೂಡಲೇ ಮಕ್ಕಳೆಲ್ಲ ಎದ್ದು ನಿಂತು ರಾಗವಾಗಿ ನಮಸ್ತೇ ಸರ್ ಎಂದರು. ಕೂತರು. ಗಣಿತದ ಪುಸ್ತಕ ತೆರೆದರು. ನನ್ನನ್ನೇ ನೋಡಿದರು. ಹಿಂದೆ ಹಳದಿ ಗೋಡೆ, ಕರ್ನಾಟಕದ ನಕ್ಷೆ.

ಗಣಿತದ ಟೀಚರು ಹೆರಿಗೆ ರಜೆಯಲ್ಲಿದ್ದರು, ಅವರ ಬದಲಿಗೆ ಪುತ್ತೂರಿನಿಂದ ಒಬ್ಬ ಅತಿಥಿ ಶಿಕ್ಷಕ ಬರಬೇಕಿತ್ತು ಎಂಬುದು ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಓಡಿ ಹೋಗಬಹುದಿತ್ತು. ಆದರೆ ನಮಸ್ತೇ ಹೇಳಿಸಿಕೊಂಡ ಮೇಲೆ ಓಡುವುದು ಹೇಗೆ? ಪುಸ್ತಕ ಕೇಳಿ ತೆಗೆದುಕೊಂಡು ಒಂದು ಸಮೀಕರಣ ಬೋರ್ಡಿನ ಮೇಲೆ ಬರೆದೆ. ನಾಲ್ಕನೇ ಸಾಲಿಗೆ ಬರುವಾಗ ಎರಡನೇ ಬೆಂಚಿನಿಂದ ಒಂದು ಧ್ವನಿ ಬಂತು.

"ಸರ್, ಆ ಕಡೆ ಹೋದ್ರೆ ಪ್ಲಸ್ಸು ಮೈನಸ್ ಆಗ್ಬೇಕಲ್ಲ?"

"ಗಮನ ಉಂಟಾ ಅಂತ ನೋಡಿದ್ದು," ಎಂದೆ.

"ನಮಗೆ ಉಂಟು ಸರ್," ಎಂದ ಇನ್ನೊಬ್ಬ. ತರಗತಿ ಇಡೀ ನಕ್ಕಿತು. ನಾನೂ ನಕ್ಕೆ. ಬೆಲ್ಲು ಹೊಡೆಯುವಷ್ಟರಲ್ಲಿ ಏಳು ಲೆಕ್ಕ ಮುಗಿದಿತ್ತು, ನಾಲ್ಕು ಅವರು ಮಾಡಿದ್ದು, ಮೂರು ಅವರು ತಿದ್ದಿದ್ದು. ಆ ಬೆಂಚುಗಳಲ್ಲಿ ಮಕ್ಕಳು ಹೇಗೆ ಕೂತಿದ್ದರು, ಎತ್ತರ ನೋಡಿಯೋ ನೋಡದೆಯೋ, ಒಂದೂ ನೆನಪಿಲ್ಲ. ನನ್ನ ಕಣ್ಣೆಲ್ಲ ಪ್ಲಸ್ಸು ಮೈನಸ್ಸಿನ ಮೇಲಿತ್ತು.

ಕೆಳಗೆ ಬಂದಾಗ ಹೆಡ್‌ಮಿಸ್ಟ್ರೆಸ್ ಆದೇಶದ ಪ್ರತಿ ಕೇಳಿದರು. ನಾನು ಇದ್ದದ್ದು ಹೇಳಿದೆ. ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಶಾಲೆ ನೋಡ್ಲಿಕ್ಕೆ ಬಂದದ್ದಾ? ನೋಡಿ ಆಯ್ತಲ್ಲ ಹಾಗಾದ್ರೆ?" ಎಂದರು. ಆಮೇಲೆ, "ಮಧ್ಯಾಹ್ನ ಒಂಬತ್ತನೇಗೂ ಒಂದು ಪೀರಿಯಡ್ ಉಂಟು, ಇರ್ತೀರಾ?"

ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಪಟ್ಟಿಯನ್ನು ಮಂಡಿಸಿದೆ. ಪುತ್ತೂರು ಮೊದಲು, ಬಹಳ ಮುಂದೆ. ಸುಳ್ಯಕ್ಕೆ ಹೆಚ್ಚಿನ ಕಲಂಗಳು ಖಾಲಿ. ಕಡಬ ಪಾತಾಳದಲ್ಲಿ. ಅಕ್ಕ, ಭಾವ, ಸೊಸೆ, ಗೆಳತಿ ನಾಲ್ವರೂ ಕೇಳಿದರು. ನಡೆದದ್ದನ್ನೂ ಹೇಳಿದೆ, ಏಕೆಂದರೆ ಸೀಮೆಸುಣ್ಣದ ಕತೆ ಹೇಳದೆ ಇರಲು ಆಗಲಿಲ್ಲ. ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಗೆಳತಿ ಸೊಸೆಯ ಕಿವಿಯಲ್ಲಿ ಏನೋ ಹೇಳಿದಳು. ಸೊಸೆ ಘೋಷಿಸಿದಳು: "ಇವಳು ಕೇಳ್ತಾಳೆ, ಕಡಬದ ಮಾಸ್ಟ್ರಿಗೆ ಮಾವ ಇನ್‌ಸ್ಪೆಕ್ಟರ್ ಅಂತ ಕಂಡಿದ್ರೆ ಶೌಚಾಲಯಕ್ಕೆ ಎಷ್ಟು ಮಾರ್ಕು ಬರ್ತಿತ್ತು ಅಂತ."

ಗಣಿತ ಇರುವವರು ಹೀಗೆ. ನನ್ನ ಇಪ್ಪತ್ತೆರಡು ಕಲಂಗಳೂ ಅಳೆದದ್ದು ಶಾಲೆಗಳನ್ನಲ್ಲ, ನನ್ನನ್ನು ಯಾರೆಂದು ತಿಳಿದರು ಎಂಬುದನ್ನು.

ಭಾವ ಕವಳದ ಎಲೆಯಡಿಕೆ ತಟ್ಟೆ ಎಳೆದುಕೊಂಡರು. "ಅಡಿಕೆ ಮಾರ್ಲಿಕ್ಕೆ ಹೋಗುವಾಗ ಗೋಣಿಯ ಮೇಲೆ ಚಂದದ ಅಡಿಕೆ ಇಡುದು ನಮಗೂ ಗೊತ್ತುಂಟು, ಅಂಗಡಿಯವನಿಗೂ ಗೊತ್ತುಂಟು ಭಾವ. ಹಾಗಾಗಿ ಅವ ಕೈ ಹಾಕುದು ಗೋಣಿಯ ನಡುವಿಗೆ. ನೀವು ಒಂದು ಕಡೆ ಮೇಲಿನದ್ದು ನೋಡಿದ್ರಿ, ಒಂದು ಕಡೆ ಅಡಿಯದ್ದು ನೋಡಿದ್ರಿ, ಒಂದು ಕಡೆ ಗೋಣಿ ಒಳಗೇ ಬಿದ್ರಿ."

ಗೋಣಿಯ ನಡುವಿಗೆ ಕೈ ಹಾಕಲು ಭಾವ ತಾವೇ ಹೋದರು, ಮರುದಿನ ಸಂಜೆ, ಕಡಬದ ಬಸ್ಸು ನಿಲ್ಲುವಲ್ಲಿಗೆ. ಸಮವಸ್ತ್ರ ಹಾಕಿದ ಒಬ್ಬನಿಗೆ ಗೋಲಿ ಸೋಡಾ ಕುಡಿಸಿ ಶಾಲೆಯ ಬಗ್ಗೆ ಅರ್ಧ ಗಂಟೆ ವಿಚಾರಿಸಿದರು. ಅವನು ಎಲ್ಲವನ್ನೂ ಹೊಗಳಿದನಂತೆ. ಭಾವ ಖುಷಿಯಿಂದ ಮನೆಗೆ ಬಂದ ಮೇಲೆ ಅಂಗಿಯ ಬಣ್ಣ ಹೇಳಿದರು. ಅದು ಖಾಸಗಿ ಶಾಲೆಯ ಸಮವಸ್ತ್ರ ಎಂದಳು ಅಕ್ಕ. ಭಾವ ಆಮೇಲೆ ಗೋಣಿಯ ಮಾತು ಎತ್ತಲಿಲ್ಲ.

ಆದರೆ ಅದಕ್ಕೆ ಮೊದಲೇ, ಆ ಭಾನುವಾರವೇ ತೀರ್ಮಾನ ಆಗಿಹೋಗಿತ್ತು. ಭಾವ ಎಲೆಗೆ ಸುಣ್ಣ ಹಚ್ಚುತ್ತಿದ್ದ ಹೊತ್ತಿನಲ್ಲಿ ಸೊಸೆ ಕೇಳಿದಳು: "ಮಾವ, ಬೆಂಚಿನ ವಿಷಯ ಕೇಳಿದ್ರಾ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು, ಒಂದು ಜೊತೆ ಕಣ್ಣು ಮೇಲಿನಿಂದ, ಒಂದು ಜೊತೆ ಕೆಳಗಿನಿಂದ. "ಪುತ್ತೂರಿನಲ್ಲಿ ಕೇಳಲಿಲ್ಲ," ಎಂದೆ. "ಸುಳ್ಯದಲ್ಲಿ ನೋಡಲಿಲ್ಲ. ಕಡಬದಲ್ಲಿ ಕೇಳಿದೆ. ಬೇಕಾದಲ್ಲಿ ಕೂತ್ಕೊಳ್ಬಹುದಂತೆ."

"ಹೆಡ್‌ಮಾಸ್ಟ್ರೇ ಹೇಳಿದ್ದಾ?"

"ಹೌದು. ಅವರೇ."

ಸೊಸೆ ಗೆಳತಿಯ ಕೈ ಹಿಡಿದು ಎಳೆದುಕೊಂಡು ರಸ್ತೆ ದಾಟಿ ಓಡಿದಳು, ಉಮ್ಮನಿಗೆ ಹೇಳಲು. ಹೆಂಚಿಲ್ಲದ, ಚಿಲಕವಿಲ್ಲದ, ಪಾತಾಳದಲ್ಲಿದ್ದ ಶಾಲೆ ಹೀಗೆ ಗೆದ್ದಿತು.

ಸಂಶಯ ಶುರುವಾದದ್ದು ಆ ದಿನ ಪುತ್ತೂರಿಗೆ ಹಿಂದಿರುಗುವ ಬಸ್ಸಿನಲ್ಲಿ. ನಾನು ನಿಜವಾಗಿ ಕೇಳಿದ್ದೆನೇ? ಅವರು ನಿಜವಾಗಿ ಹೇಳಿದ್ದರೇ? ಎಂಟನೆಯ ತರಗತಿಯ ಬಾಗಿಲು ಸರಿಯಾಗಿ ಕಾಣುತ್ತಿತ್ತು, ಅವರ ಬಾಯಿ ಆಡುವುದೂ ಕಾಣುತ್ತಿತ್ತು. ಆದರೆ ಮಾತು ಕೇಳುವಾ ಎಂದರೆ ಬರುತ್ತಿದ್ದದ್ದು ಬೇರೆ ಯಾರದೋ ಸ್ವರ. ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ಟ್ರದ್ದು ಎಂದು ಉಪ್ಪಿನಂಗಡಿ ದಾಟುವಾಗ ಗುರುತು ಸಿಕ್ಕಿತು. "ಜಾಗ ಸಿಕ್ಕಿದಲ್ಲಿ ಕೂತ್ಕೊಳ್ಳಿ" ಎಂದು ನಮಗೆ ಹೇಳುತ್ತಿದ್ದವರು ಅವರು. ಅಕ್ಕನ ನಡಿಗೆಯನ್ನು ನನ್ನದೆಂದುಕೊಂಡವನು, ಡ್ರಿಲ್ ಮಾಸ್ಟ್ರ ಮಾತನ್ನು ಹೆಡ್‌ಮಾಸ್ಟ್ರ ಬಾಯಲ್ಲಿ ಇಡಲಾರನೇ? ಫೋನು ಮಾಡಿ ಕೇಳಬಹುದಿತ್ತು. ಮಾಡಿದರೆ ಫ್ಯಾನಿನ ಮಾತು ಬರುತ್ತದೆಂದು ಮಾಡಲಿಲ್ಲ. ಇದು ನನ್ನ ಹೇಡಿತನ, ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಜೂನಿನಲ್ಲಿ ಇಬ್ಬರೂ ಸೇರಿದರು. ನಾನು ಫೋನಿನಲ್ಲಿ ಕೇಳಿದೆ. "ಒಟ್ಟಿಗೇ ಮಾವ, ಎಲ್ಲ ಚಂದ ಉಂಟು," ಎಂದಳು ಸೊಸೆ.

ಆಮೇಲೆ ಅಕ್ಕ ಫೋನು ತೆಗೆದುಕೊಂಡು ಹೊರಗೆ ಬಂದು ದನಿ ತಗ್ಗಿಸಿದಳು. "ಅವಳು ಹೇಳುದು ಹಾಗೆ. ನಿನಗೆ ಬೇಜಾರಾಗ್ಬಾರ್ದು ಅಂತ. ಎತ್ತರದವರನ್ನು ಹಿಂದೆ ಹಾಕಿದ್ದಾರೆ ಅಂತ ಅದೇ ಶಾಲೆಗೆ ಹೋಗುವ ನೆರೆಮನೆಯ ಹುಡುಗ ಹೇಳಿದ್ದಾನೆ."

ಭಾವನನ್ನು ಕೇಳಿದರೆ, "ಬಸ್ಸಿನಲ್ಲಿ ಒಟ್ಟಿಗೆ ಕೂತ್ಕೊಳ್ತಾರೆ, ಅದು ನಾನು ನೋಡಿದ್ದೇನೆ," ಎಂದರು. ಗೆಳತಿಯನ್ನು ಫೋನಿಗೆ ಕರೆಯಲು ಹೇಳಿದೆ. ಅವಳು ಬಂದಳು. ಉಸಿರಾಡುವುದು ಕೇಳಿಸಿತು.

ಮೂರು ಮೂಲ, ಮೂರು ಮಾತು, ನಾಲ್ಕನೆಯದು ಉಸಿರು. ಜುಲೈ ಮೊದಲ ವಾರದಲ್ಲಿ ಪುತ್ತೂರಿನ ಅಂಗಡಿಯಿಂದ ಒಂದು ಫ್ಯಾನು ಕಟ್ಟಿಸಿಕೊಂಡು ಕಡಬದ ಬಸ್ಸು ಹತ್ತಿದೆ. ಫ್ಯಾನಿಗೆ ಬೇರೆ ಟಿಕೆಟ್ ಮಾಡಬೇಕೋ ಬೇಡವೋ ಎಂದು ಕಂಡಕ್ಟರು ದಾರಿಯುದ್ದಕ್ಕೂ ಯೋಚಿಸಿದರು.

ಆಫೀಸಿನಲ್ಲಿ ಹೊಸ ಮುಖ. ಹಳೆಯ ಹೆಡ್‌ಮಾಸ್ಟ್ರಿಗೆ ವರ್ಗಾವಣೆಯಾಗಿತ್ತು. ಈಗಿನವರು ಮೇಡಂ, ಕನ್ನಡಕದ ಮೇಲಿನಿಂದ ನೋಡುವವರು. ನಾನು ಫ್ಯಾನು ಇಟ್ಟು, ಬೆಂಚಿನ ಪ್ರಶ್ನೆ ಕೇಳಿದೆ. ಫೆಬ್ರವರಿಯಲ್ಲಿ ಹೀಗೆ ಹೇಳಿದ್ದರು ಎಂದು ನನಗೆ ನೆನಪು, ಹೌದೋ ಎಂದು.

"ಅವರು ನಿಮಗೆ ಎಂತ ಹೇಳಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗುದು?" ಎಂದರು ಮೇಡಂ. "ಈಗ ಕೂರಿಸುದು ಕ್ಲಾಸ್ ಟೀಚರ್ ಹೇಳಿದ ಹಾಗೆ. ಅವರು ಹೇಗೆ ಹೇಳಿದ್ದಾರೆ ಅಂತ ನೋಡಿದ್ರೆ ಗೊತ್ತಾಗ್ತದೆ. ನಡೀರಿ."

ವರಾಂಡದಲ್ಲಿ ಅವರು ಮುಂದೆ, ನಾನು ಹಿಂದೆ. ಎಂಟನೆಯ ತರಗತಿಯ ಕಿಟಕಿಯ ಕದಕ್ಕೆ ದಾನಿಗಳು ಇನ್ನೂ ಸಿಕ್ಕಿರಲಿಲ್ಲ, ಹಾಗಾಗಿ ಬಾಗಿಲಿಗೆ ಹೋಗದೆಯೂ ಒಳಗೆ ಕಾಣುತ್ತಿತ್ತು. ಒಳಗೆ ಗಣಿತ ನಡೆಯುತ್ತಿತ್ತು. ನಾನು ಹಿಂದಿನ ಬೆಂಚನ್ನು ನೋಡಿದೆ. ಸೊಸೆ ಇಲ್ಲ. ಮುಂದಿನ ಬೆಂಚನ್ನು ನೋಡಿದೆ. ಗೆಳತಿ ಇಲ್ಲ.

ಹಿಂದಿನ ಹೆಡ್‌ಮಾಸ್ಟ್ರು ಆ ಮಾತು ಹೇಳಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವರಿಬ್ಬರೂ ಹುಡುಗಿಯರ ಸಾಲಿನ ಮೂರನೇ ಬೆಂಚಿನಲ್ಲಿ, ಒಂದೇ ಬೆಂಚಿನಲ್ಲಿದ್ದಾರೆ. ಬೆಂಚು ಕಡಿಮೆ ಇರುವುದರಿಂದ ಇಬ್ಬರ ನಡುವೆ ಮೂರನೆಯವಳೊಬ್ಬಳು ಕೂತಿದ್ದಾಳೆ. ಗೆಳತಿ ಅವಳ ಕಿವಿಯಲ್ಲಿ ಹೇಳುತ್ತಾಳೆ, ಅವಳು ಸೊಸೆಯ ಕಿವಿಯಲ್ಲಿ ಹೇಳುತ್ತಾಳೆ, ಸೊಸೆ ಎದ್ದು ನಿಂತು ಉತ್ತರ ಹೇಳುತ್ತಾಳೆ. ಕಿಟಕಿಯ ಹೊರಗೆ ನಿಂತು ನಾನೇ ನೋಡಿದೆ, ಮೇಡಂ ಕೂಡ ನೋಡಿದರು. ಉತ್ತರವೂ ಸರಿ ಇತ್ತು.